ಬಲಗಡೆಯ ಜೇಬು

ನವೆಂಬರ್ ೬, ಬುಧವಾರ. ಬೆಳಿಗ್ಗೆ

…ಅದೂ ಇಪ್ಪತ್ತು ಜನರ ಮುಂದೆ ಅಂದ ನನ್ನ ಮೈದುನ ಬರಾವ್. ನಿನ್ನೆ ಬರೆಯುವಾಗ ಸಿಟ್ಟಿಗೆ ಅರ್ಧಕ್ಕೇ ನಿಲ್ಲಿಸಿದ್ದೆ. "ನಮ್ ಭಾವ ಸೂಜಿಗೆ ದಾರ ಪೋಣಿಸೋ ಹೊತ್ತಿಗೆ ಮಗಾಜಿಯವರ ಮೊಮ್ಮಗನ ಮದುವೇನೂ ಮುಗ್ದಿರುತ್ತೆ!" ಎಲ್ಲರೂ ನಕ್ಕರು. ಮಗಾಜಿಯೂ ನಕ್ಕ. ನಾನೂ ನಗಬೇಕಾಯಿತು. ಹೆಂಡತಿಯ ತಮ್ಮ ಭಾವನನ್ನು ಏನು ಬೇಕಾದರೂ ಅನ್ನಬಹುದು, ಸಿಟ್ಟು ಮಾಡಿಕೊಂಡವನೇ ಸಣ್ಣವನು. ಯಾವ ಕಾಲದಲ್ಲಿ ಯಾವ ಪುಣ್ಯಾತ್ಮ ಮಾಡಿದ ಪದ್ಧತಿಯೋ. ಅವನಿಗೆ ಬರಾವ್‌ನಂಥ ಮೈದುನ ಇದ್ದಿರಲಿಕ್ಕಿಲ್ಲ. ಡೇಲು ಸತ್ತು ಎರಡು ವರ್ಷ. ಅವಳು ಹೋದಳು, ತಮ್ಮ ಉಳಿದ. ವಾಟ್ ಎ ಬಾರ್ಗೇನ್.

ಮಗಾಜಿ, ಅಂದರೆ ಅಬುಜಾದಲ್ಲಿ ಕಸ್ಟಮ್ಸ್ ಆಫೀಸರಾಗಿ ಹೊಟ್ಟೆ ಬೆಳೆಸಿಕೊಂಡು ಬಂದವನು, ಜನವರಿ ಮೂವತ್ತೊಂದಕ್ಕೆ ಮುತ್ತಜ್ಜನ ಪದವಿಯ ಪೇಟ ಕಟ್ಟಿಸಿಕೊಳ್ಳುತ್ತಾನೆ. ಮುತ್ತಜ್ಜ ತೊಟ್ಟಿದ್ದಂಥದ್ದೇ ನಿಲುವಂಗಿ ಬೇಕಂತೆ. ಅಸಲು ಅಂಗಿ ಗೆದ್ದಲಿನ ಪಾಲು. ಉಳಿದಿರುವುದು ನೂರು ವರ್ಷದ ಹಿಂದೆ ಯಾವನೋ ಬಿಳಿಯ ತೆಗೆದ ಒಂದು ಫೋಟೋ. ಅದರ ಪ್ರಿಂಟ್ ನನಗೊಂದು, ಬರಾವ್‌ಗೊಂದು. ನನ್ನದು ಕೈ, ಅವನದು ಚೀನಾದ ಕಂಪ್ಯೂಟರ್ ಮಷೀನು. ಆ ದಿನ ಬೆಳಿಗ್ಗೆ ಅಂಗಳದಲ್ಲಿ ಎರಡನ್ನೂ ಹರಡುತ್ತಾರೆ. ಒಂದನ್ನು ತೊಟ್ಟು ಕುದುರೆ ಹತ್ತುತ್ತಾನೆ. ಇನ್ನೊಂದರ ಗತಿ ಇಡೀ ಝರಿಯಾ ಊರು ನೋಡುತ್ತದೆ.

ನಲವತ್ತು ವರ್ಷ ಹಳೇ ಕಾಲದ ಅಂಗಿಗಳನ್ನು ಮತ್ತೆ ಹೊಲಿದು ಕೊಟ್ಟವನು ನಾನು. ಎದೆಯ ಮೇಲೆ 'ಎಂಟು ಕತ್ತಿ' ಕಸೂತಿಯನ್ನು ಕೈಯಲ್ಲಿ ಹಾಕಬಲ್ಲವನು ಕೋಟೆಯೊಳಗೆ ಬೇರೆ ಯಾರೂ ಉಳಿದಿಲ್ಲ. ನನ್ನನ್ನು ಆ ಗುಂಡಿ ಒತ್ತುವವನ ಪಕ್ಕ ನಿಲ್ಲಿಸಿದರು.

ನವೆಂಬರ್ ೭, ಗುರುವಾರ. ಹತ್ತು ಗಂಟೆ

ಕಂಡುಹಿಡಿದೆ!

ಪಡಸಾಲೆಯ ಬಾಗಿಲಲ್ಲಿ ಕೂತು ಫೋಟೋ ನೋಡುತ್ತಿದ್ದೆ. ಜೇಬು ಬಲಗಡೆ ಇದೆ. ನಮ್ಮ ನಿಲುವಂಗಿಗೆ ಬಲಗಡೆ ಜೇಬೇ? ಹುಟ್ಟಿದಾಗಿನಿಂದ ಕಂಡಿಲ್ಲ. ಎಡ ಎದೆಗೇ ಜೇಬು, ಬಲ ಎದೆಗೆ ಸುರುಳಿಚಕ್ರ. ಹಳಬರ ಪದ್ಧತಿ ಬೇರೆ ಇತ್ತೇನೋ ಅಂದುಕೊಂಡೆ. ಆಮೇಲೆ ಕೈ ನೋಡಿದೆ. ತಸ್ಬಿ ಸರ ಎಡಗೈಯಲ್ಲಿದೆ. ಎರಡು ಸಲ ಹಜ್‌ಗೆ ಹೋಗಿಬಂದ ಮನುಷ್ಯ, ತೊಳೆದುಕೊಳ್ಳುವ ಕೈಯಲ್ಲಿ ದೇವರ ಹೆಸರು ಎಣಿಸುತ್ತಾನೆಯೇ?

ಕಾಗದವನ್ನು ತಿರುಗಿಸಿ ಬೆಳಕಿಗೆ ಹಿಡಿದೆ. ಹಿಂಬದಿಯಿಂದ ಮುದುಕ ಸರಿಯಾಗಿ ಕೂತಿದ್ದ. ಬಲಗೈಯಲ್ಲಿ ಸರ, ಎಡಕ್ಕೆ ಜೇಬು. ಬಿಳಿಯನೋ ಅವನ ನಂತರದವನೋ ನೆಗೆಟಿವ್ ಅನ್ನು ತಿರುವುಮುರುವು ಇಟ್ಟು ತೊಳೆದಿದ್ದಾನೆ. ಕಾಲೇಜಿನಲ್ಲಿ ಇದಕ್ಕೊಂದು ಶಬ್ದ ಕಲಿಸಿದ್ದರು… ವಿಂಡಿಕೇಟೆಡ್? ವಿಂಡಿಕ್ಟಿವ್? ಎರಡರಲ್ಲೊಂದು. ನನಗೀಗ ಅದೇ ಆಗಿದೆ.

ಬರಾವ್‌ಗೆ ಹೇಳುವುದಿಲ್ಲ.

ನವೆಂಬರ್ ೨೫, ಸೋಮವಾರ

ದಾರ ತರುವ ನೆಪದಲ್ಲಿ ಅವನ ಅಂಗಡಿಗೆ ಹೋಗಿದ್ದೆ. ಜನರೇಟರ್ ಸದ್ದಿಗೆ ಕಿವಿ ಹೋಯಿತು. ಮಷೀನಿನ ಮೇಲೆ ಮಾದರಿಯ ತುಂಡು. ಜೇಬು ಬಲಕ್ಕೆ!

"ಇದೇನಯ್ಯ, ಬಲಗಡೆ ಜೇಬು?" ಅಂದೆ. ಒಂದು ಅವಕಾಶ ಕೊಟ್ಟ ಹಾಗಾಯಿತು, ಕಯಾಮತ್ತಿನ ದಿನ ಕೇಳಿದರೆ ಹೇಳಬಹುದು.

"ಏನ್ ಭಾವಾ, ನಲವತ್ತು ವರ್ಷ ಹೊಲ್ದು ಇದೂ ಗೊತ್ತಿಲ್ವ? ಹಿಂದಿನ ಕಾಲದಲ್ಲಿ ಸರದಾರ್ರಿಗೆ ಮಾತ್ರ ಬಲಗಡೆ. ಎಡಗಡೆ ನಮ್ಮಂಥೋರಿಗೆ. ಮಗಾಜಿಯವರಿಗೆ ಹೇಳ್ದೆ, ಕುಣಿದಾಡ್ಬಿಟ್ರು."

"ಎಲ್ಲಿ ಓದಿದೆ?"

"ಫೋಟೋನೇ ಹೇಳುತ್ತಲ್ಲ. ಫೋಟೋ ಸುಳ್ಳು ಹೇಳುತ್ತ?"

"ಛೇ, ಅದೆಲ್ಲಿ ಹೇಳುತ್ತೆ," ಅಂದೆ.

"ನೀನು ಎಷ್ಟು ದಿನದಿಂದ ಹೊಲೀತಿದ್ದೀಯ ಭಾವ?"

"ಇಪ್ಪತ್ತು."

"ಇದಕ್ಕೆ ಒಂದು ರಾತ್ರಿ ಭಾವ, ಒಂದೇ ರಾತ್ರಿ! ಸಂಜೆ ಗುಂಡಿ ಒತ್ತಿ ಮಲಗಿದ್ರೆ ಬೆಳಿಗ್ಗೆ ನಮಾಜಿಗೆ ಅಂಗಿ ರೆಡಿ." ಆಮೇಲೆ ಹತ್ತಿರ ಬಂದು, ಜನರೇಟರ್ ಸದ್ದಿನಡಿಯಲ್ಲಿ, ನನಗೊಬ್ಬನಿಗೇ ಕೇಳುವಂತೆ: "ಜೇಬಿನ ಕಸೂತಿಗೆ ಕಣ್ಣು ಹಾಕೋರು ಯಾರು ಈ ಸಲ?"

ನಗಲಿಲ್ಲ ಅವನು. ಕತ್ತೆ ನನ್ಮಗ.

ಬರುವಾಗ ಅವನ ಮಾದರಿ ತುಂಡಿನ ಒಳಮೈ ನೋಡಿದೆ. ಬಿಳಿ ದಾರದ ಗೋಜಲು, ಕೋಳಿ ಕೆರೆದ ಹಾಗೆ. ಅಂಗಿಯ ಒಳಗನ್ನು ಹೊರಗೆ ಮಾಡಿ ತೊಟ್ಟುಕೊಂಡರೆ ಜೇಬೇನೋ ಎಡಕ್ಕೆ ಬರುತ್ತದೆ. ಮಗಾಜಿ ಹಾಗೆ ಕುದುರೆ ಹತ್ತಲಿ. ದಾರಿಯುದ್ದಕ್ಕೂ ನಕ್ಕೆ. ಎದುರು ಬಂದವರು ಮಾಲಮ್ ಗಂಬೊಗೆ ತಲೆ ಕೆಟ್ಟಿತು ಅಂದುಕೊಂಡಿರಬೇಕು.

ಜನವರಿ ೫, ಭಾನುವಾರ. ಮಧ್ಯಾಹ್ನ

ಮರುಭೂಮಿಯ ಧೂಳು ಗಾಳಿ. ತುಟಿ ಒಡೆದಿದೆ. ಬಟ್ಟೆ ಮುಚ್ಚಿಟ್ಟು ಮುಚ್ಚಿಟ್ಟು ಹೊಲಿಯಬೇಕು.

ಪಟ್ಟಿಗಳನ್ನು ಜೋಡಿಸಿ ಆಯಿತು. ಕತ್ತಿಗಳು ಎಂಟೂ ಆದವು. ಹುಣಸೆಮರದ ಕಾಡುರೇಷ್ಮೆಯ ದಾರ, ಸುರುಳಿಚಕ್ರ ಬಲಕ್ಕೆ, ಒಳ್ಳೇ ತಿರುವು ಬಂದಿದೆ. ಜೇಬಿನ ತುಂಡು ಮಾತ್ರ ಬಾಕಿ. ಅದರ ತುಂಬ ಕಣ್ಣು ಹಾಕಬೇಕು. ಸಜ್ಜೆ ಕಾಳಿನಷ್ಟು ತೂತು, ಸುತ್ತ ದಾರದ ಕಟ್ಟು, ಅಂಥ ಮುನ್ನೂರು.

ಹನ್ನೊಂದು ದಿನದಲ್ಲಿ ಮೂವತ್ತು ಹಾಕಿದೆ. ಒಂದು ಬಟಾಣಿ, ಒಂದು ಎಳ್ಳು. ಇಲಿ ಕಡಿದ ಹಾಗಿದೆ. ಬಿಚ್ಚಿದೆ. ಮತ್ತೆ ಹಾಕಿದೆ. ಬಟ್ಟೆಯೇ ಹರಿಯಿತು.

ಇಲ್ಲಿ ಬರೆಯಬಹುದು, ಯಾರು ಓದುತ್ತಾರೆ. ಕಣ್ಣು ಹಾಕುತ್ತಿದ್ದವಳು ಡೇಲು. ನಲವತ್ತು ವರ್ಷವೂ. ಒಳಮನೆಯಲ್ಲಿ ಅವಳು, ಹೊರ ಪಡಸಾಲೆಯಲ್ಲಿ ನಾನು. ಜೇಬಿನ ತುಂಡು ಒಳಗೆ ಹೋಗಿ ತಿಂಗಳಿಗೆ ಹೊರಗೆ ಬರುತ್ತಿತ್ತು, ಮುಂದೆ ಹಿಂದೆ ಎರಡೂ ಮೈ ಒಂದೇ ಥರ. ಗಿರಾಕಿಗಳು ನೋಡುತ್ತಿದ್ದದ್ದೇ ಅದನ್ನು. "ಏನ್ ಕೈ ಮಾಲಮ್ ನಿಮ್ದು!" ಅನ್ನುತ್ತಿದ್ದರು. ನಾನು ಕಮ್ಮಿ ಮಾತಾಡುತ್ತಿದ್ದೆ. ಸುಳ್ಳು ಹೇಳಿಲ್ಲ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಡೇಲು ಒಂದು ಸಲ, ಒಂದೇ ಸಲ, ತುವೊ ಮುದ್ದೆ ಬಡಿಸುತ್ತಾ ಅಂದಿದ್ದಳು: "ನಿಮ್ಮ ಕೈ ಇವತ್ತು ಬಹಳ ನೋಯ್ತಿದೆ, ಸ್ವಲ್ಪ ಎಣ್ಣೆ ಹಚ್ತೀರಾ?" ಅಂತ ತನ್ನ ಕೈ ಮುಂದೆ ಚಾಚಿ. ನಾನು ಹಚ್ಚಲಿಲ್ಲ. ಊಟ ಆರುತ್ತಿತ್ತು.

ಮಗಳು ತಬಾವಾ ಬಂದು ಹರಿದ ತುಂಡು ನೋಡಿದಳು.

"ಅಮ್ಮ ಕಲಿಸ್ತೀನಿ ಅಂದಾಗ ನೀನೇ ಬೇಡ ಅಂದಿದ್ದು. ಸ್ಕೂಲಿಗೆ ಹೋಗ್ಲಿ ಅಂತ."

"ಹೋದೆಯಲ್ಲ, ಟೀಚರ್ ಆದೆಯಲ್ಲ. ಈಗೇನು?"

"ಏನಿಲ್ಲ. ಮಾಮನ ಹತ್ರ ಸೋತೆ ಅಂತ ಒಪ್ಕೊಂಡ್ಬಿಡು."

ಬಾಗಿಲು ತೋರಿಸಿದೆ. ಹೋಗಲಿಲ್ಲ. ಅಂಗಳ ಗುಡಿಸಿ, ಸಾರು ಇಟ್ಟು, ಆಮೇಲೆ ಹೋದಳು.

ಜನವರಿ ೧೯, ಭಾನುವಾರ

ಬರಾವ್ ಬಂದಿದ್ದ. ಸಲಾಮು ಹೇಳಿದ್ದು ಒಂದು ಸಲ, ಕೂರಲಿಲ್ಲ. ಒಂದು ಗಂಟನ್ನು ನನ್ನ ಚಾಪೆಯ ಮೇಲೆ ಎಸೆದ.

ಬಿಚ್ಚಿದೆ. ಜೇಬಿನ ತುಂಡು. ಡೇಲುವಿನ ಕಣ್ಣುಗಳು, ಸಾಲುಸಾಲು. ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ. ಕೆಳಗಿನ ಮೂಲೆಯಲ್ಲಿ ಹದಿಮೂರು ಕಣ್ಣಿನ ಜಾಗ ಖಾಲಿ. ತಾಯಿಗೆ ಹುಷಾರಿಲ್ಲವೆಂದು ತವರಿಗೆ ಹೋದಾಗ ತಗೊಂಡು ಹೋಗಿದ್ದಳಂತೆ. ಅಲ್ಲೇ ಜ್ವರ ಬಂತು, ಅಲ್ಲೇ ಹೋದಳು.

"ಎರಡು ವರ್ಷ ಇಟ್ಕೊಂಡಿದ್ದೆಯಾ? ಕಳ್ಳ!"

"ಕೊಡಬಾರ್ದು ಅಂತಾನೇ ಇದ್ದೆ. ಮಣ್ಣು ಮಾಡಿದ ದಿನ ನಿನ್ನ ಪಡಸಾಲೇಲಿ ಯಾರೋ ನಿನ್ನ ಕೈನ ಹೊಗಳ್ತಿದ್ರು. ನೀನು ತಲೆ ಆಡಿಸ್ಕೊಂಡು ಕೂತಿದ್ದೆ. ಅವತ್ತೂ ಬಾಯಿ ಬಿಡಲಿಲ್ಲ."

"ಈಗ ಯಾಕೆ ತಂದೆ?"

"ತಬಾವಾ ಬಂದು ಅತ್ಲು." ಮುಖ ತಿರುಗಿಸಿದ. "ಕೇಳು ಭಾವ, ಇದು ತಮಾಷೆ ಅಲ್ಲ. ಹಚ್ಕೊ. ಗೆದ್ಕೊ ಬೇಕಾದ್ರೆ. ಆದ್ರೆ ಅಂಗಳದಲ್ಲಿ ಎಲ್ಲರ ಮುಂದೆ ನೀನೇ ಹೇಳ್ಬೇಕು, ಇದು ಡೇಲು ಕೈ ಅಂತ. ನೀನು ಹೇಳ್ದಿದ್ರೆ ನಾನು ಹೇಳ್ತೀನಿ. ನಿನ್ನ ಗಡ್ಡ ಹಿಡ್ಕೊಂಡು ಹೇಳ್ತೀನಿ."

"ನನ್ನ ಮನೆಯಿಂದ ಆಚೆ ನಡಿ."

"ನಡೀತೀನಿ. ಮೂಲೇಲಿ ಹದಿಮೂರು ಬಿಟ್ಟಿದ್ದಾಳೆ ನಿಂಗೇ ಅಂತ. ಎಂಥಾ ಕೈ ಅಂತ ಊರೂ ನೋಡ್ಲಿ."

ಹೇಳಲಿ. ಅಂಗಳದಲ್ಲಿ ಅವನು ಬಾಯಿ ತೆರೆಯುವ ಮೊದಲು ನಾನು ಫೋಟೋವನ್ನು ತಿರುಗಿಸಿ ಸೂರ್ಯನಿಗೆ ಹಿಡಿಯುತ್ತೇನೆ. ಬಲಗಡೆ ಜೇಬಿನ ಪಂಡಿತ! ಝರಿಯಾದಲ್ಲಿ ಅಂಗಡಿ ಇಟ್ಟುಕೊಂಡು ಬದುಕುವುದು ಹೇಗೆ ನೋಡೋಣ.

ಜನವರಿ ೩೦, ಗುರುವಾರ. ಸಂಜೆ ಆರು ಗಂಟೆ

ನಾಳೆ.

ತುಂಡು ಕೂತಿದೆ, ಎಡ ಎದೆಗೆ. ಹಚ್ಚುವಾಗ ಹಿಂಬದಿ ನೋಡಿದೆ. ಒಂದು ಗಂಟೂ ಇಲ್ಲ. ಎಲ್ಲಿ ಶುರು ಮಾಡುತ್ತಿದ್ದಳು, ಎಲ್ಲಿ ಮುಗಿಸುತ್ತಿದ್ದಳು, ನಲವತ್ತು ವರ್ಷ ಪಕ್ಕದ ಕೋಣೆಯಲ್ಲಿದ್ದು ಕೇಳಲಿಲ್ಲ.

ಹದಿಮೂರನ್ನು ನಾನೇ ಹಾಕಿದೆ. ಏಳು ದಿನ ಹಿಡಿಯಿತು. ಖಾಲಿ ಬಿಡಬಹುದಿತ್ತು, ಅಥವಾ ಆ ಮೂಲೆಯನ್ನು ಮಡಿಚಿ ಮುಚ್ಚಬಹುದಿತ್ತು. ಯೋಚಿಸಿದೆ ಅದನ್ನೂ. ಈಗ ಕುರುಡನು ಬೆರಳಾಡಿಸಿದರೂ ಗೊತ್ತಾಗುತ್ತದೆ ಅವಳ ಕೈ ಎಲ್ಲಿ ನಿಂತಿತು, ನನ್ನದು ಎಲ್ಲಿ ಶುರುವಾಯಿತು ಅಂತ. ಬರಾವ್ ಬಾಯಿ ಬಿಡುವ ಅಗತ್ಯವೇ ಇಲ್ಲ. ಅಂಗಿಯೇ ಹೇಳುತ್ತದೆ. ನಾನೂ ಹೇಳುತ್ತೇನೆ. ಅವನು ಹೆದರಿಸಿದ ಅಂತಲ್ಲ.

ಅವನ ಅಂಗಿ? ಇನ್ನೂ ಬಲಗಡೆಯೇ. ತಬಾವಾ ನೋಡಿಬಂದಳು. ಇಸ್ತ್ರಿ ಮಾಡಿ ಗಾಜಿನ ಕಪಾಟಿನಲ್ಲಿ ತೂಗುಹಾಕಿದ್ದಾನಂತೆ, ಬಂದವರಿಗೆಲ್ಲ ಅಗಿಯಲು ಕೋಲಾ ಕಾಯಿ ಹಂಚುತ್ತಿದ್ದಾನಂತೆ. ಹಂಚಲಿ. ಮೂರು ತಿಂಗಳಿಂದ ನಾಳೆಗಾಗಿ ಕಾದಿದ್ದೇನೆ. ಅವನ ಮುಖ ಹೇಗಾಗುತ್ತದೆ ಎಂದು ನೆನೆಸಿಕೊಂಡೇ ಎಷ್ಟೋ ದಿನ ಗಂಜಿ ಇಳಿದಿದೆ. ಕಾಲೇಜಿನ ಆ ಶಬ್ದ ಇವತ್ತು ಸರಿಯಾಗಿ ನೆನಪಾಯಿತು. ವಿಂಡಿಕ್ಟಿವ್, ಹಗೆ ಸಾಧಿಸುವವನು. ಇನ್ನೊಂದು ಅಲ್ಲ.

ಬೇರೆ ಬಟ್ಟೆ ಇದೆ ಅವನ ಹತ್ತಿರ, ತಬಾವಾ ಅಂದಳು, ಎರಡು ಅಂಗಿಗಾಗುವಷ್ಟು. ಒಂದೇ ರಾತ್ರಿ ಸಾಕು ಅಂದಿದ್ದ. ಮುಸ್ಸಂಜೆಯ ಮಗ್ರಿಬ್ ನಮಾಜಿಗೆ ಶಟರ್ ಎಳೆದು ಹೋದರೆ ಬೆಳಿಗ್ಗೆಯೇ ಅವನು ತೆಗೆಯುವುದು. ಅಷ್ಟರೊಳಗೆ ಯಾರಾದರೂ ಹೇಳಿದರೆ… ಯಾರು ಹೇಳುತ್ತಾರೆ? ಗೊತ್ತಿರುವವನು ನಾನೊಬ್ಬ.

ಅವನು ಆ ತುಂಡು ಕೊಟ್ಟದ್ದು ಅಕ್ಕನ ಹೆಸರಿಗೆ, ನನಗಲ್ಲ. ನನ್ನನ್ನು ಬೈದುಕೊಂಡೇ ಕೊಟ್ಟ. ನಾನೂ ಬೈದುಕೊಂಡೇ ಹೇಳಬಹುದಲ್ಲ. ಲೋ ಪಂಡಿತ, ಮಷೀನು ತಗೊಂಡೆ, ಕಣ್ಣು ತಗೊಳ್ಳಲಿಲ್ಲವೇನೋ, ತಿರುಗಿಸಿ ಹಿಡಿಯೋ ಕಾಗದಾನ. ಹಾಗೆ. ಅಂಗಡಿಯಲ್ಲಿರುವವರ ಮುಂದೆಯೇ. ಇಲ್ಲ, ಅವರನ್ನು ಕಳಿಸಿ ಆಮೇಲೆ.

ಅಕ್ಷರ ಸರಿಯಾಗಿ ಕಾಣುತ್ತಿಲ್ಲ. ಧೂಳೋ ಅಂತ ಕಣ್ಣುಜ್ಜಿಕೊಂಡೆ. ಧೂಳಲ್ಲ, ಬೆಳಕೇ ಹೋಗುತ್ತಿದೆ. ಅವನು ಶಟರ್ ಎಳೆಯುವ ಮೊದಲು… ಫೋಟೋ ಎಲ್ಲಿಟ್ಟೆ, ಇಲ್ಲೇ ಇತ್ತು. ಚಪ್ಪಲಿ ಒಂದು ಸಿಕ್ಕಿತು, ಇನ್ನೊಂದು