ಕರೆಗುಡ್ಡದ ಕಾಡು ಈರುಳ್ಳಿ

ಕರೆಗುಡ್ಡ, ಜೂನ್ ೩೧, ೨೪೧೨

ಹಿರಿಯರೇ,

ತಾರೀಖು ತಪ್ಪಲ್ಲ. ಬೇಸಿಗೆ ಬೆಳೆದಂತೆಲ್ಲ ನಮ್ಮವರು ಈ ತಿಂಗಳುಗಳಿಗೆ ದಿನ ಸೇರಿಸುತ್ತ ಬಂದಿದ್ದಾರೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಮಾತಾಡುವ ರೂಢಿ ತಪ್ಪಿದೆ.

ನಾನು ಬೊಮ್ಮಕ್ಕ. ಬಿಸಿಲು ತಾಳಲಾರದೆ ಜನರೆಲ್ಲ ತಂಪೂರಿಗೆ, ಅಂದರೆ ನೆಲದಡಿಯಲ್ಲಿ ಕೊರೆದ ಊರಿಗೆ, ಇಳಿದುಹೋದರು. ಇಳಿದವರು ಮತ್ತೆ ಮೇಲೆ ಬರುವುದಿಲ್ಲ. ಅವರ ಕಣ್ಣು ಬೆಳಕನ್ನು ತಡೆಯುವುದಿಲ್ಲ. ನಾನು ಉಳಿದದ್ದು ಬಂಡೆಯ ಸಂದಿಯಲ್ಲಿರುವ ಒಂದು ಕಾಡು ಈರುಳ್ಳಿಗಾಗಿ. ನಾನೂರು ವರ್ಷದ ಹಿಂದೆ, ನಿಮ್ಮ ಕಾಲದಲ್ಲಿ, ಇದು ಗುಡ್ಡದ ತುಂಬ ಇತ್ತಂತೆ. ಗಡ್ಡೆ ವಿಷ, ದನವೂ ಮುಟ್ಟದು. ಬೇಸಿಗೆಯಲ್ಲಿ ಎಲೆಯೇ ಇಲ್ಲದ ಕಡ್ಡಿಯೊಂದು ನೆಲದಿಂದೇಳುತ್ತದೆ. ಸಂಜೆ ಅದರಲ್ಲಿ ಮಂಕು ಬಣ್ಣದ ಹೂಗಳು ಅರಳಿ, ಬೆಳಗಾಗುವಷ್ಟರಲ್ಲಿ ಬಾಡುತ್ತವೆ. ಒಂಟಿ ಗಿಡ ಕಾಯಿ ಕಟ್ಟದು. ಇನ್ನೊಂದರ ಪರಾಗ ಬೇಕು. ತಂದುಕೊಡುವ ಜೇನು ಈಗಿಲ್ಲ.

ಆ ಇನ್ನೊಂದು ಗಿಡ ಎದುರಿನ ಮರಡಿಯಲ್ಲಿ ಚಿತ್ರಣ್ಣನ ಕಾವಲಿನಲ್ಲಿತ್ತು. ನಾವು ಮುಖ ನೋಡಿದವರಲ್ಲ. ಗುಡ್ಡದಿಂದ ಗುಡ್ಡಕ್ಕೆ ಮಾತು ಸಾಗಿಸುವ ದನಿತಂತಿಯಲ್ಲಿ ದಿನಾ ಮಾತಾಡುತ್ತಿದ್ದೆವು. ಎರಡು ಗಿಡಗಳೂ ಎಂದೂ ಒಟ್ಟಿಗೆ ಹೂ ಬಿಟ್ಟಿರಲಿಲ್ಲ. ಈ ಬೇಸಿಗೆಯಲ್ಲಿ ಅವನು ಕೆಮ್ಮುತ್ತಲೇ ಕೂಗಿದ:

“ತಂಗಿ, ನಮ್ದು ಕಡ್ಡಿ ಎದ್ದೈತೆ. ನಿಂದು?”

“ನಂದೂ ಎದ್ದೈತೆ ಕಣಣ್ಣ! ಇವತ್ತೇ ಅರಳ್ತೈತೆ. ಪರಾಗ ತಗಂಡು ನಾಳೆ ನಾನೇ ಬತ್ತೀನಿ.”

“ಬಿಸ್ಲು ಕೊಂದಾಕ್ತೈತೆ ಕಣವ್ವ.” ಮತ್ತೆ ಕೆಮ್ಮಿ ಅಂದ, “ಬಾ. ನಿನ್ ಮುಖನಾದ್ರೂ ನೋಡ್ತೀನಿ.”

ಪರಾಗವನ್ನು ಬಟ್ಟೆಯ ಚೂರಿನಲ್ಲಿ ಕಟ್ಟಿಕೊಂಡು ಬೆಳಿಗ್ಗೆ ಹೊರಟೆ. ಒಂದು ಬಂಡೆಯ ನೆರಳಿನಿಂದ ಇನ್ನೊಂದರ ನೆರಳಿಗೆ ಓಡುತ್ತ, ಹೊತ್ತು ಇಳಿಯುವಾಗ ಮರಡಿ ಹತ್ತಿದೆ. ಗುಡಿಸಲು ಖಾಲಿ. ಮುಂದೆ ತಂಪೂರಿನ ಗಾಡಿಯ ಗಾಲಿಗುರುತು. ಆಳಿಲ್ಲದೆ ತಾನೇ ಓಡುವ ಆ ಗಾಡಿ ಕಾಯಿಲೆಯವರನ್ನು ಕೇಳದೆಯೇ ಒಯ್ಯುತ್ತದೆ. ಗಿಡಕ್ಕೆ ಅವನ ಪಂಚೆಯ ನೆರಳು ಕಟ್ಟಿತ್ತು. ಪಕ್ಕದಲ್ಲಿ ನೀರಿನ ಮಡಕೆ, ಅದರ ಮೇಲೊಂದು ತಟ್ಟೆ, ತಟ್ಟೆಯ ಮೇಲೆ ಬೋರಲು ಹಾಕಿದ ಎರಡು ಲೋಟ.

ಒಂದರಲ್ಲಿ ಕುಡಿದೆ. ಇನ್ನೊಂದನ್ನು ಮುಟ್ಟಲು ಮನಸ್ಸಾಗಲಿಲ್ಲ. ಕತ್ತಲು ಕವಿಯುವ ಮುಂಚೆ ಹೂ ಬಿರಿಯಿತು. ಬೆರಳಿನಿಂದ ಪರಾಗ ಸವರಿದೆ.

ತಿಂಗಳು ಕಳೆದು ಹೋಗಿ ನೋಡಿದರೆ ಕಾಯಿ ಒಡೆದಿತ್ತು, ಒಳಗೆ ಕಾಗದದಷ್ಟು ತೆಳ್ಳಗಿನ ಕಪ್ಪು ಬೀಜ. ತಂದು ಬಿತ್ತಿದೆ. ನಿನ್ನೆ ಹಸಿರು ದಾರದಂಥ ಮೊಳಕೆಗಳು ತಲೆ ಎತ್ತಿದವು. ಚಿತ್ರಣ್ಣನಿಗೆ ಹೇಳೋಣವೆಂದು ಹಳೇ ರೂಢಿಯಲ್ಲಿ ದನಿತಂತಿಯ ಬಳಿ ಓಡಿದೆ. ಬರೀ ಗೊರಗೊರ ಸದ್ದು.

ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಒಣನೆಲದಲ್ಲಿ ಎಲೆಯಿಲ್ಲದ ಕಡ್ಡಿ ಕಂಡರೆ ಕೀಳಬೇಡಿ, ಸಂಜೆಯವರೆಗೆ ಕಾಯಿರಿ. ಅರಳಿತೋ, ಮನೆಯಲ್ಲಿ ಯಾರಿದ್ದರೂ ಸರಿ, ಕೂಗಿ ಕರೆಯಿರಿ. ಬಂದು ನಿಮ್ಮ ಪಕ್ಕದಲ್ಲಿ ನಿಲ್ಲಲಿ.

ನಿಮ್ಮ
ಬೊಮ್ಮಕ್ಕ