ಚೌಡಿಗೆ ಹಾಕಿದ ಬಾಟ್ಲಿ

12 ಜೂನ್ 1999, ಹೊಳಲ್ಕೆರೆ

ಓಪಿಡಿ ಇನ್ನೂ ಮುಗಿದಿರಲಿಲ್ಲ. ಕಜ್ಜಿ, ಕೆಮ್ಮು, ನಾಯಿ ಕಚ್ಚಿದ್ದು ಒಂದು. ಅಷ್ಟರಲ್ಲಿ ಚಿಕ್ಕಜಾಜೂರಿನ ಮಗು. ಚೌಡೇಶ್ವರಿ, ಎರಡು ವರ್ಷ. ತೂಕ ಆರು ತಿಂಗಳ ಕೂಸಿನಷ್ಟು. ಭೇದಿ ನಿಂತಿಲ್ಲ. ಕೈಕಾಲು ತಣ್ಣಗೆ, ನಾಡಿ ಸಿಗುತ್ತಿಲ್ಲ, ಕರೆದರೆ ಕಣ್ಣು ಬಿಡುವುದಿಲ್ಲ. ಶಾಕ್.

ಗ್ಲೂಕೋಸ್ ಕೊಟ್ಟೆ. ಕಂಬಳಿ ಸುತ್ತಿಸಿ ಡ್ರಿಪ್ ಹಾಕಿದೆ — ನಿಧಾನಕ್ಕೆ. ಇಷ್ಟು ಸೊರಗಿದ ಮಗುವಿಗೆ ನೀರು ಜೋರಾಗಿ ಹೋದರೆ ಹೃದಯ ತಡೆಯುವುದಿಲ್ಲ. ಅಪ್ಪ ರಂಗಯ್ಯ, ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಹಮಾಲಿ. ಪಕ್ಕದ ಮಂಚದವನ ಬಾಟ್ಲಿ ಸರಸರ ಇಳಿಯುತ್ತಿದೆ, ಇದೇಕೆ ಹೀಗೆ ಎಂದು ಕೇಳಿದ. ಹೇಳಿದೆ. ಎಷ್ಟು ಅರ್ಥವಾಯಿತೋ.

ಒಂದು ಗಂಟೆಗೆ ಕೈ ಬೆಚ್ಚಗಾಯಿತು. ಕಣ್ಣು ಬಿಟ್ಟಳು.

13 ಜೂನ್

ನಿನ್ನೆ ಅದಾದ ಮೇಲೆ ಒಂದು ಕಷ್ಟದ ಹೆರಿಗೆ. ವಾರ್ಡಿನಲ್ಲಿದ್ದ ಒಬ್ಬಳೇ ನರ್ಸ್ ಬರಗೇರಮ್ಮ ಸಿಸ್ಟರ್ ಕೂಡ ನನ್ನ ಜೊತೆಗೇ ಬರಬೇಕಾಯಿತು. ವಾರ್ಡಿಗೆ ವಾಪಸ್ ಬಂದಾಗ ಬಾಟ್ಲಿ ಖಾಲಿ. ಮಗುವಿಗೆ ಏದುಸಿರು, ಕತ್ತಿನ ನರ ಉಬ್ಬಿವೆ. ಆಕ್ಸಿಜನ್, ಮೈಯ ನೀರಿಳಿಸಲು ಲ್ಯಾಸಿಕ್ಸ್... ಸಂಜೆ ಮಗು ಹೋಯಿತು.

ಡ್ರಿಪ್ಪಿನ ವೇಗ ಹೆಚ್ಚಿಸುವ ಚಕ್ರ ತಿರುಗಿಸಿದ್ದು ರಂಗಯ್ಯ. ಬಾಟ್ಲಿಯಿಂದಲೇ ಕಣ್ಣು ಬಿಟ್ಟಳಲ್ಲ, ಇನ್ನಷ್ಟು ಹೋದರೆ ಎದ್ದು ಕೂರುತ್ತಾಳೆ ಅಂದುಕೊಂಡನಂತೆ. ಹೇಳಿದ್ದು ತಾಯಿ ತಿಪ್ಪಮ್ಮ. ಮಗು ಹೋದದ್ದು ಅದರಿಂದಲೇ ಎಂದು ಅವಳಿಗೆ ನನ್ನ ಮುಖ ನೋಡಿಯೇ ಗೊತ್ತಾಗಿತ್ತು.

"ಅವ್ರಿಗೆ ಹೇಳ್ಬ್ಯಾಡ್ರಿ ಡಾಕ್ಟ್ರಮ್ಮ. ತಡ್ಕಳಾಕಿಲ್ಲ."

ಆಯ್ತು ಎಂದೆ.

ಅಳು ಬರಲಿಲ್ಲ. ಮನೆಗೆ ಬಂದು ಅನ್ನ ಸಾರು ಉಂಡೆ.

14 ಜೂನ್

ಓಪಿಡಿ. ಮಧ್ಯಾಹ್ನ ಚಿತ್ರದುರ್ಗದಲ್ಲಿ ಮೀಟಿಂಗ್. ಬೇರೇನಿಲ್ಲ.

3 ಜುಲೈ

ಹಿರಿಯೂರಿನಿಂದ ಅಮ್ಮನ ಫೋನ್. ಯಾಕೆ ಮಾತೇ ಆಡುವುದಿಲ್ಲ ಎಂದಳು. ಕೆಲಸ ಜಾಸ್ತಿ ಎಂದೆ.

18 ಸೆಪ್ಟೆಂಬರ್, ಮಧ್ಯಾಹ್ನ

ಚಿಕ್ಕಜಾಜೂರಿನಿಂದ ಇನ್ನೊಂದು. ರಂಗಯ್ಯನ ತಮ್ಮನ ಮಗ ಶಿವು, ಮೂರು ವರ್ಷ. ಅದೇ ಸ್ಥಿತಿ. ಹೆತ್ತವರು ಅಡಿಕೆ ಸುಲಿಯಲು ಭೀಮಸಮುದ್ರಕ್ಕೆ ಹೋಗಿದ್ದಾರಂತೆ. ಎತ್ತಿಕೊಂಡು ಬಂದವರು ರಂಗಯ್ಯ, ತಿಪ್ಪಮ್ಮ.

ಡ್ರಿಪ್ ಶುರು ಮಾಡಿದೆ. ನಿಧಾನಕ್ಕೆ.

"ಜೋರಾಗಿ ಬಿಡ್ರಿ," ಎಂದ ರಂಗಯ್ಯ. "ನಮ್ ಚೌಡಿಗೆ ನಾನು ಜೋರು ಮಾಡಿದ್ದು ತಡ ಆತು. ಅದ್ಕೇ ಉಳೀಲಿಲ್ಲ."

ಚಕ್ರಕ್ಕೆ ಕೈ ಹಾಕಿದ. ಹಿಡಿದುಕೊಂಡೆ. ಯಾಕ್ರಿ ಎಂದ. ತಿಪ್ಪಮ್ಮನ ಕಡೆ ನೋಡಿದೆ. ಅವಳು ಮಂಚದ ಹತ್ತಿರ ಬಂದಳು.

"ನೀವು ಹುಡುಗನ್ನ ನೋಡ್ಕಳ್ರಿ. ನಾನು ಹೇಳ್ತೀನಿ."

ಅವನ ತೋಳು ಹಿಡಿದು ಹೊರಗೆ ಕರೆದೊಯ್ದಳು.

ಸಂಜೆ, ವಾರ್ಡಿನಲ್ಲೇ

ಶಿವುವಿನ ಕೈ ಬೆಚ್ಚಗಿದೆ. ಉಚ್ಚೆ ಹೊಯ್ದ. ಡ್ರಿಪ್ ತೆಗೆದೆ, ಈಗ ಮೂಗಿನ ನಳಿಕೆಯಲ್ಲಿ ಸ್ವಲ್ಪಸ್ವಲ್ಪವೇ ಓಆರ್‌ಎಸ್. ಉಸಿರು ಸರಿ ಇದೆ. ಉಳಿಯುತ್ತಾನೆ ಅನ್ನಿಸುತ್ತದೆ.

ತಿಪ್ಪಮ್ಮ ಒಬ್ಬಳೇ ಒಳಗೆ ಬಂದಳು. ರಂಗಯ್ಯ ಬರುವುದಿಲ್ಲವಂತೆ, ಮಗುವನ್ನು ಮುಟ್ಟುವುದಿಲ್ಲವಂತೆ. ಕಿಟಕಿಯಿಂದ ಕಾಣುತ್ತಾನೆ. ಆಸ್ಪತ್ರೆ ಜೀಪಿನ ಪಕ್ಕ ಕುಕ್ಕರುಗಾಲಲ್ಲಿ ಕುಳಿತಿದ್ದಾನೆ, ಮಧ್ಯಾಹ್ನದಿಂದ.

ಶಿವು ಈಗ ಸಣ್ಣ ದನಿಯಲ್ಲಿ ಏನೋ ಅಂದ. ಬಗ್ಗಿ ಕೇಳಿದೆ. ದೊಡ್ಡಪ್ಪ ಎಲ್ಲಿ ಅಂತ.

ತಿಪ್ಪಮ್ಮ ಏಳಲಿಲ್ಲ. ನಾನೇ ಹೋಗಬೇಕು. ಹೋಗಿ ಪಕ್ಕದಲ್ಲಿ ಕೂತು, ಮೊದಲು ಏನು ಹೇಳಲಿ?