ಸ್ನಾನಕ್ಕೆ ಹೋದ ಮಗಳು

ಟೊಲೆಡೊ, ಒಹಾಯೊ
ಗುರುವಾರ, ಅಕ್ಟೋಬರ್ 9, 2003

ನೆರೆದಿರುವ ಮಹಾಜನರೇ, ಹಿಂದಿನ ಬೆಂಚಿನ ಮಹನೀಯರೇ, ಕೆಮ್ಮು ತಡೆದು ಆಲಿಸಿರಿ!

ಸಭೆಯಲ್ಲಿರುವುದು ನೀನೊಬ್ಬಳೇ, ಬರ್ನಡೆಟ್. ಆದರೂ ಪರದೆ ಎತ್ತದೆ ನನಗೆ ಮಾತು ಹೊರಡದು, ನಿನಗೆ ಗೊತ್ತು.

ಜೋಸಿಯ ಹೆಸರು, ವಿಳಾಸ, ಫೋನ್ ನಂಬರನ್ನು ಹೈಸ್ಕೂಲಿನವರು ಸೈನ್ಯಕ್ಕೆ ಕೊಡಕೂಡದೆಂದು ಬರೆದುಕೊಡಲು ನೀನು ನನಗೆ ಹೇಳಿದ್ದೆ. ಕೊಟ್ಟೆ ಎಂದೆ ನಾನು. ಕೊಟ್ಟಿಲ್ಲ; ಹಾಗಾಗಿ ಕಾನೂನಿನಂತೆ ಶಾಲೆಯವರು ಎಲ್ಲವನ್ನೂ ಸೈನ್ಯಕ್ಕೆ ಕೊಟ್ಟಿದ್ದಾರೆ. ಶಾಲೆಯ ದಾಖಲೆಯಲ್ಲಿ ನಮ್ಮ ಮಗಳ ಮನೆ ಇನ್ನೂ ಇದೇ. ನಿನ್ನೊಂದಿಗೆ ಅವಳು ನದಿಯಾಚೆ ಹೋದದ್ದು ಅದಕ್ಕೆ ತಿಳಿಯದು.

ಸೈನ್ಯಕ್ಕೆ ಸೇರಿಸಿಕೊಳ್ಳುವ ಸಾರ್ಜೆಂಟ್ ಡ್ವಾಯರ್ ವಾರವಾರವೂ ಫೋನ್ ಮಾಡುತ್ತಾನೆ. "ಜೋಸೆಫೀನ್ ಥೆರೆಸಾ ಮನೇಲಿದಾರಾ ಸಾರ್?" ಪೂರ್ತಿ ಹೆಸರು! ನಾಮಕರಣದ ದಿನ ಪಾದ್ರಿ ಹಾಗೆ ಕರೆದಿದ್ದರು. ಆಮೇಲೆ ಕೋಪ ಬಂದಾಗಲೆಲ್ಲ ಮೆಟ್ಟಿಲ ಬುಡದಲ್ಲಿ ನಿಂತು ನೀನು. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಸ್ನಾನಕ್ಕೆ ಹೋಗಿದ್ದಾಳೆ ಎಂದೆ. ಹೇಳಿದ ಗಳಿಗೆಯಲ್ಲಿ ಮಹಡಿಯಿಂದ ನೀರು ಬೀಳುವ ಸದ್ದು ಕೇಳಿಸಿದಂತಾಯಿತು. ಮುಂದಿನ ವಾರವೂ ಸ್ನಾನ. ಅದರಾಚೆಯ ವಾರವೂ.

ಇವತ್ತು ಅವನು ನಕ್ಕುಬಿಟ್ಟ. "ಯಾವಾಗ್ಲೂ ನೀರಲ್ಲೇ ಇರ್ತಾರಲ್ಲ ಸಾರ್, ನಮಗಿಂತ ನೌಕಾದಳದವರಿಗೇ ಸರಿ ಅವರು. ಇರ್ಲಿ, ಶನಿವಾರ ನಾನೇ ಮನೆಗೆ ಬರ್ತೀನಿ."

ಶನಿವಾರ! ಜೋಸಿ ನನ್ನ ಹತ್ತಿರ ಬರುವ ಒಂದೇ ದಿನ. ಬಾಗಿಲಿಗೆ ಮಾರಲು ಬಂದವನ ಮುಖ ಸಪ್ಪಗಾದೀತೆಂದು ಒಂದೇ ಬೈಬಲನ್ನು ಎರಡು ಸಲ ಕೊಂಡ ಹುಡುಗಿ ಅವಳು, ಯಾರಿಗೂ ಬೇಡ ಎನ್ನಲಾರದವಳು. ಹದಿನೆಂಟು ತುಂಬುತ್ತಿದೆ, ಇನ್ನು ಅವಳ ಸಹಿಯೊಂದೇ ಸಾಕು. ಇರಾಕಿನಲ್ಲಿ ಯುದ್ಧ ನಡೆಯುತ್ತಿದೆ. ನನ್ನ ಊಟದ ಮೇಜಿಗೇ ಬಂದು ಕೂತು ಅವನು ಪೆನ್ನು ಚಾಚಿದರೆ?

ಇಡೀ ರಂಗಮಂದಿರಕ್ಕೆ ಕೇಳುವ ನನ್ನ ಗಂಟಲು ಆಗ ಪಿಸುಗುಟ್ಟಿತು: "ಬರಬೇಡಪ್ಪ. ಅವಳು ಈ ಮನೇಲಿಲ್ಲ. ಅವರಮ್ಮನ ಜೊತೆ ಹೊರಟುಹೋದ್ಲು."

ಬಾಯಿಬಿಟ್ಟು ಹಾಗೆ ಹೇಳಿದ್ದು ಅದೇ ಮೊದಲು. ಗೊತ್ತಿರ್ಲಿಲ್ಲ ಸಾರ್, ಕ್ಷಮಿಸಿ ಎಂದ. ಪಾಪ, ಒಳ್ಳೆಯವನೇ. ಆಮೇಲೆ ಅಲ್ಲಿನ ನಂಬರ್ ಕೊಡ್ತೀರಾ ಎಂದ. ಫೋನ್ ಇಟ್ಟುಬಿಟ್ಟೆ.

ಶಾಲೆಗೆ ಕೊಡಬೇಕಾದದ್ದನ್ನು ಈಗಷ್ಟೇ ಬರೆದು ಸಹಿ ಹಾಕಿದ್ದೇನೆ. ಇನ್ನು ಮೇಲೆ ಈ ಮನೆಯಲ್ಲಿ ಅವಳನ್ನು ಯಾರೂ ಕೇಳುವುದಿಲ್ಲ.

ಇನ್ನೂ ಹಾಗೆ ಬರೆಯಬಹುದಾದರೆ,
ನಿನ್ನ
ಕ್ಯಾಸಿಮಿರ್

ತಾ.ಕ.: ಇಲ್ಲಿನ ಫೋನ್ ನಂಬರ್ ಜೋಸಿಗೆ ಇನ್ನೂ ಬಾಯಿಪಾಠ ಇದೆಯೇ, ನಾನು ಕೇಳಿದೆನೆನ್ನದೆ ಕೇಳಿ ನೋಡು. ನಾಳೆ ಬೆಳಿಗ್ಗೆ ಶಾಲೆಗೆ ಹೋಗಿ, ದಾಖಲೆಯಲ್ಲಿರುವ ಈ ನಂಬರನ್ನು ಹೊಡೆದುಹಾಕಿಸಿ ನಿನ್ನದನ್ನು ಬರೆಸುತ್ತೇನೆ.